ಗೌರಕ್ಕನ ಎತ್ತರಕ್ಕೆ ಕಾರು

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವಾಗ ಒಂದು ಸಲ ಎಡವುತ್ತಾರೆ. ಎಡವಿದ್ದು ಯಾತಕ್ಕೆ ಎಂದು ಬಗ್ಗಿ ನೋಡುತ್ತಾರೆ. ಬಾಗಿಲ ಪಕ್ಕದಲ್ಲಿ ತುಕ್ಕು ಹಿಡಿದ ಎರಡು ದಪ್ಪ ಸ್ಪ್ರಿಂಗುಗಳು ನಿಂತಿವೆ. ಒಂದರ ಮೇಲೆ ಕರಿಬೇವಿನ ಕುಂಡ ಇದೆ, ಇನ್ನೊಂದರ ಮೇಲೆ ಏನೂ ಇಲ್ಲ. ಏನೂ ಇಲ್ಲದ್ದರ ಮೇಲೆ ಓಣಿಯ ಮಕ್ಕಳು ಕೂತು ಅದು ಬಗ್ಗಲೆಂದು ಕಾಯುತ್ತಾರೆ. ಅದು ಬಗ್ಗುವುದಿಲ್ಲ. ನಮ್ಮ ಕಾರಿನಡಿ ಇದ್ದು, ಕುಪ್ಪಸದ ಖಣದ ಗಂಟುಗಳ ಭಾರಕ್ಕೆ ಮಾತ್ರ ಬಗ್ಗಿ ರೂಢಿಯಾದ ಸ್ಪ್ರಿಂಗು ಅದು. ಗುಜರಿಯವನಿಗೆ ಹಾಕಿಬಿಡಿ ಎಂದು ಬಂದವರೆಲ್ಲ ಸಲಹೆ ಕೊಡುತ್ತಾರೆ. ನಾನು ಹೂಂ ಎನ್ನುತ್ತೇನೆ, ಹಾಕುವುದಿಲ್ಲ. ಯಾಕೆ ಎಂದು ನೀವು ಕೇಳಿದರೆ ಸ್ವಲ್ಪ ಕೂಡಬೇಕಾಗುತ್ತದೆ.

ನಮ್ಮದು ಹಳೆಯ ಸ್ಟೇಷನ್ ವ್ಯಾಗನ್. ಮುಂದಿನಿಂದ ನೋಡಿದರೆ ಎಲ್ಲ ಕಾರುಗಳಂತೆ ಒಂದು ಕಾರು. ಹಿಂದೆ ಮಾತ್ರ, ಮುಗಿಯಬೇಕಾದಲ್ಲಿ ಮುಗಿಯದೆ, ಛತ್ತು ಹಾಗೆಯೇ ಮುಂದುವರಿದು ಕಡೆಗೆ ಒಂದು ದೊಡ್ಡ ಬಾಗಿಲಿಗೆ ಬಂದು ನಿಲ್ಲುತ್ತದೆ. ಬಣ್ಣ ಹಾಲು ಜಾಸ್ತಿಯಾದ ಚಹಾದ್ದು. ಬಾದಾಮಿಯ ಗುತ್ತೇದಾರರೊಬ್ಬರು ಅದನ್ನು ಮಾರಿಬಿಡುತ್ತಿದ್ದಾರೆ ಎಂದು ಕೇಳಿ, ನಾನೂ ನನ್ನ ನೆಗೆಣ್ಣಿ ಗೌರಕ್ಕನೂ ಬಸ್ಸಿನಲ್ಲಿ ಹೋಗಿ ಕಾರಿನಲ್ಲಿ ತಿರುಗಿ ಬಂದೆವು. ಗೌರಕ್ಕ ನನ್ನ ಭಾವನ ಹೆಂಡತಿ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ನನ್ನ ಭುಜಕ್ಕೆ ಬರುವಷ್ಟು ಎತ್ತರದವಳು. ಮದುವೆಯಾದ ಹೊಸದರಲ್ಲಿ ಅವಳಿಗೆ ನಾನು ಮಾತಿಗೊಂದು 'ರಿ' ಹಚ್ಚುತ್ತಿದ್ದೆ. ಇಬ್ಬರೂ ಸೇರಿ ಖಣದ ವ್ಯಾಪಾರ ಶುರು ಮಾಡಿದ ಮೇಲೆ ಅದು ತಾನಾಗಿ ಉದುರಿತು. ಗಿರಾಕಿ ಎದುರಿಗಿರುವಾಗ ಮೇಜಿನ ಕೆಳಗೆ ಒಬ್ಬರ ಕಾಲನ್ನು ಒಬ್ಬರು ತುಳಿದು ಸನ್ನೆ ಮಾಡುವವರ ನಡುವೆ 'ರಿ' ಎಷ್ಟು ದಿನ ಬಾಳೀತು?

ವ್ಯಾಪಾರ ಅಂದರೆ ಇಷ್ಟೆ. ಗುಳೇದಗುಡ್ಡದ ನೇಕಾರರ ಮನೆಗಳಿಂದ ಕುಪ್ಪಸದ ಖಣ ತರುವುದು, ಹುನಗುಂದ, ಇಳಕಲ್ಲಿನ ಸೀರೆ ಅಂಗಡಿಗಳಿಗೆ ಮುಟ್ಟಿಸುವುದು, ಬರುವಾಗ ಇಳಕಲ್ ಸೀರೆ ಹೇರಿಕೊಂಡು ಬಾಗಲಕೋಟೆಗೆ ಬರುವುದು. ಕಾರು ಹೊಡೆಯುವುದು ನನ್ನ ಕೆಲಸ. ಉಳಿದದ್ದೆಲ್ಲ ಗೌರಕ್ಕನದು. ಬಟ್ಟೆಯನ್ನು ಬೆಳಕಿಗೆ ಹಿಡಿದು ಅಂಚಿನ ರೇಷ್ಮೆ ಖರೆಯೋ ಸುಳ್ಳೋ ಹೇಳುವವಳು ಅವಳು. ನೇಕಾರರ ಮನೆಯ ಬಾಣಂತಿಗೆ ಅಂಟಿನ ಉಂಡಿ ಒಯ್ಯುವವಳೂ ಅವಳೇ. ಮೊದಮೊದಲು ಗಂಟು ಹೇರಿದರೆ ಕಾರಿನ ಹಿಂಭಾಗ ನೆಲಕ್ಕೆ ತಾಗುತ್ತಿತ್ತು. ನಮ್ಮ ಮೇಸ್ತ್ರಿ ದಸ್ತಗೀರ, ನವನಗರದಲ್ಲಿ ಗ್ಯಾರೇಜು ಇಟ್ಟವನು, ನಾಲ್ಕೂ ಗಾಲಿಗೆ ಎತ್ತರದ, ಗಟ್ಟಿ ಸ್ಪ್ರಿಂಗು ಹಾಕಿಕೊಟ್ಟ. ಅಲ್ಲಿಂದ ಮುಂದೆ ಹೇರು ಇದ್ದಾಗ ಕಾರು ಗಂಭೀರವಾಗಿ ಹೋಗುತ್ತಿತ್ತು, ಖಾಲಿ ಇದ್ದಾಗ ಬಾಲ ಎತ್ತಿದ ಹೋರಿಯಂತೆ ಕುಣಿಯುತ್ತಿತ್ತು. ಶಿರೂರಿನ ಹಂಪ್ ದಾಟುವಾಗ ಎಷ್ಟೋ ಸಲ ನನ್ನ ನೆತ್ತಿ ಛತ್ತಿಗೆ ಬಡಿದಿದೆ. ಗಿಡ್ಡಿಯಾದ ಗೌರಕ್ಕನಿಗೆ ಆ ತ್ರಾಸಿರಲಿಲ್ಲ. ಅವಳ ತ್ರಾಸು ಏರುವುದರಲ್ಲಿತ್ತು. ಬಾಗಿಲ ಮೇಲಿನ ಹಿಡಿ ಹಿಡಿದು, ಒಂದು ಕಾಲು ಒಳಗಿಟ್ಟು, 'ಹುಂ' ಎಂದು ಜಿಗಿದು ಕೂಡುತ್ತಿದ್ದಳು. ಆ 'ಹುಂ' ಕೇಳಿದ ಮೇಲೆ ನಾನು ಕೀಲಿ ತಿರುವುತ್ತಿದ್ದೆ.

ಶಿರೂರು ನನ್ನ ತವರು. ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಎತ್ತಿನ ಗಾಡಿ ಇತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮೈಯಲ್ಲಿ ದೊಡ್ಡವಳು, ಸಿಟ್ಟಿನಲ್ಲಿ ಇನ್ನೂ ದೊಡ್ಡವಳು. ಊರಿಗೆ ಹೊರಟರೆ ಗಾಡಿ ಏರುವಾಗ ಅವಳ ಕೈಯನ್ನು ಯಾರೂ ಹಿಡಿಯುವಂತಿರಲಿಲ್ಲ. ಅಪ್ಪ ಒಂದು ಉಪಾಯ ಮಾಡಿದ್ದ. ಎತ್ತು ಹೂಡುವ ಮೊದಲೇ ಗಾಡಿಯ ಮುಂದಿನ ಉದ್ದ ಮರ, ಅಂದರೆ ಮೂಕಿಯನ್ನು ನೆಲಕ್ಕೆ ಊರಿ, ಗಾಡಿಯನ್ನು ಮುಂದಕ್ಕೆ ಬಾಗಿಸಿ ಇಡುತ್ತಿದ್ದ. ಆಯಿ ಹೊಸ್ತಿಲು ದಾಟಿದಷ್ಟೇ ಸಲೀಸಾಗಿ ಹತ್ತಿ, ಮುಂದೆಯೇ ಚೀಲಕ್ಕೆ ಒರಗಿ ಕೂತ ಮೇಲೆ ಮೂಕಿ ಎತ್ತಿ ನೊಗ ಕಟ್ಟುತ್ತಿದ್ದ. ಗಾಡಿ ಮೇಲೇಳುವಾಗ ಆಯಿ ಅಂತರಕ್ಕೆ ಏರುತ್ತಿದ್ದಳು. ಆಗ ಅವಳ ಮುಖ ನೋಡಬೇಕಿತ್ತು, ಅಂಬಾರಿ ಏರಿದವರ ಮುಖ. ನಾವು ಮಕ್ಕಳು ಹಿಂದಿನಿಂದ ಓಡಿ ಜೋತುಬೀಳುತ್ತಿದ್ದೆವು, ಬೈಸಿಕೊಳ್ಳುತ್ತಿದ್ದೆವು. ಇರಲಿ, ನಾನು ಹೇಳಹೊರಟಿದ್ದು ಗೌರಕ್ಕನ ಸುದ್ದಿ.

ಹೋದ ವರ್ಷ ಗೌರಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಕೆಳಗೆ ಚಪ್ಪಿಯ ಎಲುವು ಮುರಿಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಆಯಿತು. ಡಾಕ್ಟರರು ಕೋಲು ಹಿಡಿದು ನಡೆಯಬಹುದು, ಜಿಗಿಯಬಾರದು, ಎತ್ತರ ಏರಬಾರದು ಎಂದರು. ಅವಳು ಅವರು ಹೇಳಿದ್ದಕ್ಕಿಂತ ಮೊದಲೇ ನಡೆದಳು. ಅಡುಗೆಮನೆಗೆ ಬಂದಳು, ಓಣಿಯ ತುದಿಯ ತನಕ ಹೋಗಿ ಬಂದಳು. ನಾನು ಅಷ್ಟರಲ್ಲಿ ಒಬ್ಬಳೇ ಗುಳೇದಗುಡ್ಡಕ್ಕೆ ಹೋಗಿ ಬರುತ್ತಿದ್ದೆ. ನೇಕಾರರು ಕೊಟ್ಟದ್ದನ್ನು ತರುತ್ತಿದ್ದೆ, ಇಳಕಲ್ಲಿನವರು ಹೇಳಿದ್ದಕ್ಕೆ ಒಪ್ಪುತ್ತಿದ್ದೆ. ಮನೆಗೆ ಬಂದು ಗಂಟು ಬಿಚ್ಚಿದರೆ ಗೌರಕ್ಕ ಒಂದೊಂದೇ ಖಣ ಮುಟ್ಟಿ, ಮಡಿಚಿ ಇಡುತ್ತಿದ್ದಳು. ಬೈದಿದ್ದರೆ ಚೊಲೊ ಇತ್ತು.

ಡಾಕ್ಟರರು ಪ್ರಯಾಣ ಮಾಡಬಹುದು ಎಂದ ದಿನ ಅವಳು ಹೊಸ ಇಳಕಲ್ ಸೀರೆ ಉಟ್ಟು ತಯಾರಾದಳು. ಆದರೆ ನಮ್ಮ ಹೋರಿ ಎತ್ತರದಲ್ಲಿ ನಿಂತಿತ್ತು. ಅವಳಿಗೆ ಜಿಗಿಯುವಂತಿಲ್ಲ. ನನ್ನ ಗಂಡನೂ ಪಕ್ಕದ ಮನೆಯವರೂ ಎರಡು ಕಡೆ ಕೈ ಹಾಕಿ ಅವಳನ್ನು ಎತ್ತಿ ಒಳಗೆ ಕೂರಿಸಿದರು. ಎದುರು ಮನೆಯ ಕಟ್ಟೆಯ ಮೇಲೆ ಮಂದಿ ಕೂತಿದ್ದರು. ಒಬ್ಬರು "ಹುಷಾರ್ರಿ, ಹುಷಾರು" ಎಂದರು. ನಾನು ಕೀಲಿ ತಿರುವಿದೆ. ಗೌರಕ್ಕ ಮುಂದೆ ನೋಡುತ್ತಲೇ ಮೆಲ್ಲಗೆ ಹೇಳಿದಳು:

"ಬಂದ್ ಮಾಡು ಕಸ್ತೂರಿ. ನನ್ನ ಇಳಸ್ರಿ. ಎತ್ತಿ ಇಡಾಕ ನಾ ಏನ್ ಗಂಟಲ್ಲ."

ಇಳಿಸಿದೆವು. ಅವಳು ಸೀರೆ ಬದಲಿಸಿ ಜೋಳ ಹಸನು ಮಾಡುತ್ತ ಕೂತಳು. ಆಮೇಲೆ ಎಷ್ಟು ಕರೆದರೂ ನನಗೆ ಮನೆಯೇ ಹಿತ ಎಂದಳು. ಮನೆ ಅವಳಿಗೆ ಎಂದೂ ಹಿತವಾಗಿರಲಿಲ್ಲ, ಅದು ನನಗೆ ಗೊತ್ತು. ಕೆರೂರ ಸಂತೆ ತಪ್ಪಿದರೆ ಜ್ವರ ಬಂದವರಂತೆ ಆಗುತ್ತಿದ್ದವಳು ಅವಳು. ಬೇರೆ ಕಾರು ಬಾಡಿಗೆಗೆ ತರುತ್ತೇನೆ ಎಂದರೆ, ನಮ್ಮ ಕಾರು ಬಿಟ್ಟು ಮಂದಿ ಕಾರಿನಲ್ಲಿ ಹೋದರೆ ಗುಳೇದಗುಡ್ಡದವರು ಏನೆಂದಾರು ಎಂದಳು. ಹೀಗೆ ಕೂತರೆ ಆಗುವುದಿಲ್ಲ ಎಂದು ನಾನು ಮನಸ್ಸು ಗಟ್ಟಿ ಮಾಡಿದೆ. ಅವಳು ಕಾರಿನ ಎತ್ತರಕ್ಕೆ ಏರಲಾರಳು. ಕಾರು ಅವಳ ಎತ್ತರಕ್ಕೆ ಇಳಿಯಬೇಕು.

ದಸ್ತಗೀರನಿಗೆ ಹೇಳಿದರೆ ಅವನು ಮೊದಲು ನಂಬಲಿಲ್ಲ. ಅವನ ಗ್ಯಾರೇಜಿಗೆ ಬರುವವರೆಲ್ಲ ನಮ್ಮ ರಸ್ತೆಗೆ ಹೆದರಿ ಗಾಡಿ ಎತ್ತಿಸಲು ಬರುತ್ತಾರಂತೆ. ಇಳಿಸು ಎಂದು ಬರುವವರು ಕಾಲೇಜು ಹುಡುಗರು ಮಾತ್ರ, ಶೋಕಿಗೆ. "ಅಕ್ಕಾರ, ನಿಮಗೂ ಶೋಕಿ ಹತ್ತೇತೇನ್ರಿ?" ಎಂದ. ಹತ್ತಿದೆ ಎಂದೆ. ಅಲ್ಲಿಂದ ನನ್ನ ಸ್ಪ್ರಿಂಗು ವಿದ್ಯಾಭ್ಯಾಸ ಶುರುವಾಯಿತು. ಫೋನಿನಲ್ಲಿ ಹುಡುಕಿ ಹುಡುಕಿ ವಿಡಿಯೋ ನೋಡಿದೆ. ಸಾರಿನ ಒಗ್ಗರಣೆ ಸೀದು ಹೋದರೂ ಬಿಡಲಿಲ್ಲ. ಇದ್ದ ಸ್ಪ್ರಿಂಗಿನ ಒಂದು ಸುತ್ತು ಕೊಯ್ದುಬಿಟ್ಟರೆ ಕಾರು ಇಳಿಯುತ್ತದೆ ಎಂಬುದು ದಸ್ತಗೀರನ ಮೊದಲ ಸಲಹೆ. ಕೊಯ್ದರೆ ಅದು ಇನ್ನೂ ಬಿರುಸಾಗುತ್ತದೆ, ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂಡುವುದಿಲ್ಲ ಎಂದು ನಾನು ಹೊಸದಾಗಿ ಪಾಸಾದವರ ಗತ್ತಿನಲ್ಲಿ ಹೇಳಿದೆ. ಅವನು ಅದನ್ನು ಒಪ್ಪಿದ. ಒಪ್ಪಿದ್ದರಿಂದ ನನ್ನ ಗತ್ತು ಹೆಚ್ಚಾಯಿತು. ಮುಂದಿನ ಅನಾಹುತಕ್ಕೆ ಅದೇ ಕಾರಣ.

ಅವನು ಗುಜರಿಯಿಂದ ಒಂದು ಸಣ್ಣ ಕಾರಿನ ಸ್ಪ್ರಿಂಗು ತಂದ. ಗಿಡ್ಡವು, ಮೆತ್ತಗಿನವು. ಅಷ್ಟು ಗಿಡ್ಡ ಬೇಕೋ ಬೇಡವೋ ಎಂದು ಅವನು ಅನುಮಾನಿಸಿದ. ಎಷ್ಟು ಇಳಿದರೆ ಅಷ್ಟು ಚೊಲೊ, ಹಾಕು ಎಂದವಳು ನಾನು. ಹಾಕಿದ ಮೇಲೆ ಕಾರು ಉಂಡು ಮಲಗಿದ ಬೆಕ್ಕಿನಂತೆ ನೆಲಕ್ಕೆ ಅಂಟಿ ನಿಂತಿತು. ಮನೆಗೆ ತಂದು ತೋರಿಸಿದೆ. ಗೌರಕ್ಕ ಸುತ್ತು ಹಾಕಿ ನೋಡಿದಳು, ಬಾಗಿಲು ತೆಗೆದಳು, ಬೆನ್ನು ತಿರುಗಿಸಿ ಕೂತೇಬಿಟ್ಟಳು. ಯಾರೂ ಮುಟ್ಟಲಿಲ್ಲ. ಅವತ್ತು ಮಂಗಳವಾರ, ಕೆರೂರ ಸಂತೆ. ನಡಿ ಎಂದಳು. ನಾನು ಹಾಡಿಕೊಳ್ಳುತ್ತ ಹೊಡೆದೆ. ದಾರಿಯಲ್ಲಿ ಒಂದೆರಡು ಹಂಪ್‌ಗಳಿಗೆ ಕಾರಿನ ಹೊಟ್ಟೆ ಉಜ್ಜಿತು, ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಸಂತೆಯ ಬಾಯಿಗೆ ಕಾರು ನಿಲ್ಲಿಸಿದೆ. ಗೌರಕ್ಕ ಕಾಲು ಹೊರಗಿಟ್ಟಳು, ಕೋಲು ಊರಿದಳು. ಏಳಲು ಆಗಲಿಲ್ಲ. ಸೀಟು ಅಷ್ಟು ಕೆಳಗಿತ್ತು. ಮೊಣಕಾಲು ಎದೆಗೆ ಬಂದಿತ್ತು. ಮತ್ತೊಮ್ಮೆ ಊರಿದಳು, ಅರ್ಧ ಎದ್ದು ಕೂತುಬಿಟ್ಟಳು. ನಾನು ಓಡಿ ಬರುವಷ್ಟರಲ್ಲಿ ಮೆಣಸಿನಕಾಯಿ ಮಾರುವವರು, ಚುರುಮುರಿಯವರು ಕೂಡಿದರು. ಪಾಪ, ಒಳ್ಳೆಯ ಮಂದಿ. ಒಬ್ಬ ಬಗಲಲ್ಲಿ ಕೈ ಹಾಕಿದ, ಇನ್ನೊಬ್ಬ ಸೊಂಟಕ್ಕೆ ಹಾಕಿದ. ಬಾವಿಯಿಂದ ಕೊಡ ಎತ್ತಿದಂತೆ ಎತ್ತಿದರು. ಗೌರಕ್ಕನ ಸೆರಗು ಜಾರಿತು. ಅವಳು ಅದನ್ನು ಸರಿಮಾಡಿಕೊಂಡು, ಎತ್ತಿದವರಿಗೆ ಶರಣು ಮಾಡಿ, ಸಂತೆ ಒಳಗೆ ಹೋಗದೆ ಅಲ್ಲೇ ಚಹಾದಂಗಡಿಯ ಬೆಂಚಿನ ಮೇಲೆ ಕೂತಳು. ತಿರುಗಿ ಬಂದು ಮನೆಯ ಮುಂದೆ ನಿಲ್ಲಿಸಿದಾಗ ಅಂದಳು, "ಏರಾಕ ಆಗಲಾರದ್ದಕ್ಕಿಂತ ಏಳಾಕ ಆಗಲಾರದ್ದು ಕೆಟ್ಟ ನೋಡವಾ."

ಮರುದಿನ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದೆ. ಗೌರಕ್ಕ ಹೊರಗೆ ಬಂದು ಎಂದಿನಂತೆ ನಮ್ಮ ಕಟ್ಟೆಯ ಮೇಲೆ ಕೂತಳು, ಹೂವು ಮಾರುವವಳ ಜೊತೆ ಚೌಕಾಶಿ ಮಾಡಿದಳು, ಎದ್ದು ಒಳಗೆ ಹೋದಳು. ಯಾರ ಕೈಯನ್ನೂ ಹಿಡಿಯಲಿಲ್ಲ, ಕೋಲನ್ನು ಕೂಡ ಊರಲಿಲ್ಲ, ಬಗಲಲ್ಲಿ ಇಟ್ಟುಕೊಂಡಿದ್ದಳು. ಇದನ್ನು ನಾನು ತಿಂಗಳುಗಟ್ಟಲೆ ದಿನಾ ನೋಡಿದ್ದೆ. ಅವತ್ತು ಮಾತ್ರ ರಂಗೋಲಿ ಬಟ್ಟಲು ಅಲ್ಲೇ ಬಿಟ್ಟು ಕಟ್ಟೆಗೆ ಗೇಣು ಹಾಕಿದೆ. ನಾವು ಬಟ್ಟೆಯವರು, ಅಳತೆ ನಮ್ಮ ಕೈಯಲ್ಲೇ ಇರುತ್ತದೆ. ಕಟ್ಟೆಯ ಎತ್ತರವನ್ನು ಅಂಗೈಯಲ್ಲಿ ಹಿಡಿದುಕೊಂಡವಳಂತೆ ದಸ್ತಗೀರನ ಗ್ಯಾರೇಜಿಗೆ ಹೋದೆ. ಹಳೆಯ ಎತ್ತರದ ಸ್ಪ್ರಿಂಗಿಗೆ ಸೀಟು ಕಟ್ಟೆಗಿಂತ ಒಂದು ಹಿಡಿಯಷ್ಟು ಮೇಲಿತ್ತು, ಗುಜರಿಯದಕ್ಕೆ ಅಷ್ಟೇ ಕೆಳಗೆ ಬಂದಿತ್ತು. ನಮಗೆ ಬೇಕಾದದ್ದು ನಡುವಿನದು.

ಅದೃಷ್ಟ ಅನ್ನಿ, ಗ್ಯಾರೇಜಿನಲ್ಲಿ ನಮ್ಮ ಕಾರಿನ ತಮ್ಮ ನಿಂತಿದ್ದ. ಅದೇ ಕಂಪನಿಯದು, ಅದೇ ಮುಖದ್ದು, ಹಿಂದೆ ಮಾತ್ರ ಉದ್ದ ಛತ್ತಿಲ್ಲದೆ ಡಿಕ್ಕಿ ಇರುವ ಸಾದಾ ಕಾರು. ಬ್ರೇಕ್ ರಿಪೇರಿಗೆ ಬಂದಿತ್ತು. ಅದರ ಸೀಟಿನಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಬಗ್ಗಿ ಗೇಣು ಹಾಕಿದೆ. ನಮ್ಮ ಕಟ್ಟೆಯ ಎತ್ತರವೇ. ದಸ್ತಗೀರ ತನ್ನ ಟೇಪು ಹಿಡಿದು ಇನ್ನೊಮ್ಮೆ ಅಳೆದ, ಅವನಿಗೂ ಅಷ್ಟೇ ಬಂತು. ಆದರೆ ಅವನು ತಲೆ ಆಡಿಸಿದ. ಸಾದಾ ಕಾರಿನ ಸ್ಪ್ರಿಂಗು ನಮ್ಮದಕ್ಕೆ ಕೂಡುತ್ತದೆ, ಆದರೆ ಅದು ಮನುಷ್ಯರನ್ನು ಹೊರಲು ಮಾಡಿದ್ದು, ಮಾಲನ್ನಲ್ಲ. ಅದರ ಬದಲು ಕಂಪನಿಯವರು ವ್ಯಾಗನ್ನಿಗೇ ಕೊಟ್ಟ ಸ್ಪ್ರಿಂಗು ಹಾಕಿದರೆ ಮೊದಲಿನಷ್ಟಲ್ಲದಿದ್ದರೂ ನಾಲ್ಕು ಗಂಟು ಒಯ್ಯಬಹುದು. ಸೀಟು ಮಾತ್ರ ಎರಡು ಬೆರಳು ಎತ್ತರ ಉಳಿಯುತ್ತದೆ. ಎರಡು ಬೆರಳಿಗೆ ಏನು ಮಹಾ, ಒಂದು ಹಲಗೆ ಇಟ್ಟು ಹತ್ತಿದರಾಯಿತು ಎಂದ. ಹುಬ್ಬಳ್ಳಿಯಿಂದ ಎರಡೂ ಬಗೆಯವನ್ನು ತರಿಸು, ನೋಡಿ ಹೇಳುತ್ತೇನೆ ಎಂದೆ.

ಹಾಗೆ ನಾನು ದೊಡ್ಡ ವಿಚಾರವಂತೆಯಂತೆ ಹೇಳಿ ಬಂದೆ, ನಿಜ. ಆದರೆ ಆ ವಾರ ನನಗೆ ನಿದ್ದೆ ಸರಿ ಬರಲಿಲ್ಲ. ಇಪ್ಪತ್ತು ವರ್ಷ ಆ ಕಾರು ಗಂಟು ಹೊತ್ತು ನಮಗೆ ಹೆಸರು ತಂದಿತ್ತು. ಹೇರು ಬಿಟ್ಟರೆ ನಾವು ಯಾರು, ಕಾರಿನಲ್ಲಿ ತಿರುಗಾಡುವ ಇಬ್ಬರು ಹೆಂಗಸರು. ಇನ್ನೊಂದು ಕಡೆ ಕೆರೂರಿನ ಆ ಬೆಂಚು ಕಣ್ಣಿಗೆ ಬರುತ್ತಿತ್ತು.

ಸ್ಪ್ರಿಂಗುಗಳು ಬಂದ ದಿನ ದಸ್ತಗೀರ ಅವನ್ನು ಮನೆಗೇ ತಂದ. ನಮ್ಮ ಕಟ್ಟೆಯ ಮೇಲೆ ಎರಡು ಗುಂಪು ಮಾಡಿ ಇಟ್ಟ. ಕಪ್ಪು ಬಣ್ಣ ಬಳಿದ ಹೊಸವು, ಎಣ್ಣೆ ಹಚ್ಚಿದಂತೆ ಮಿಂಚುತ್ತಿದ್ದವು. ಗೌರಕ್ಕ ಒಳಗಿನಿಂದ ಬಂದು ಅವುಗಳ ನಡುವೆ ಕೂತಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಅವಳು ಅಂಗಡಿಯಲ್ಲಿ ಸೀರೆ ನೋಡುವಂತೆ ಒಂದನ್ನು ಮುಟ್ಟಿ, ತಿರುಗಿಸಿ, ಇನ್ನೊಂದನ್ನು ಮುಟ್ಟಿ, ಇವೆರಡಕ್ಕೆ ಏನು ಫರಕು ಎಂದು ದಸ್ತಗೀರನನ್ನು ಕೇಳಿದಳು. ನಾನು ಹೇಳಬೇಡವೆಂದು ಕಣ್ಸನ್ನೆ ಮಾಡಿದೆ. ಅವನಿಗೆ ತಿಳಿಯಲಿಲ್ಲ. ಎಲ್ಲ ಹೇಳಿಬಿಟ್ಟ. ಇದು ಹಾಕಿದರೆ ಗಂಟು ಹೇರಬಹುದು, ನಿಮಗೆ ಹಲಗೆ ಬೇಕು. ಅದು ಹಾಕಿದರೆ ನೀವು ಸಲೀಸಾಗಿ ಕೂಡಬಹುದು, ಗಂಟು ಹೇರುವಂತಿಲ್ಲ.

ಗೌರಕ್ಕ ನನ್ನ ಕಡೆ ತಿರುಗಿದಳು. "ಗಂಟು ಬಿಟ್ಟ ಏನ್ ಮಾಡಾಕಿ ನೀ?"

"ಗಂಟು ಬಸ್ಸಿನ್ಯಾಗ ಬರ್ತಾವ ಅಕ್ಕಾ. ನೀ ಬಸ್ಸಿನ್ಯಾಗ ಬರಂಗಿಲ್ಲ."

"ನನ್ನ ಸಲುವಾಗಿ ಧಂದೆ ಇಳಸ್ತಿ?"

ನಾನು ಆಗ ಹೇಳಿದ್ದು ಮೊದಲೇ ಯೋಚಿಸಿಟ್ಟ ಮಾತಲ್ಲ. ಸಿಟ್ಟು ಬಂದಿತ್ತು, ಅದಕ್ಕೇ ಸರಿಯಾಗಿ ಬಂತು. "ಧಂದೆ ಕಾರಿನ ಹಿಂದ ಇದ್ದಿದ್ದಲ್ಲ ಅಕ್ಕಾ, ನನ್ನ ಬಾಜು ಸೀಟಿನ್ಯಾಗ ಇತ್ತು. ನೀ ಮನ್ಯಾಗ ಕುಂತ ಮ್ಯಾಲೆ ನಾ ಬರೇ ಬಟ್ಟಿ ಹೊತ್ತಗೊಂಡ ತಿರಗಾಕತ್ತೇನಿ."

ದಸ್ತಗೀರ ಯಾಕೋ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಗೌರಕ್ಕ ಸಾದಾ ಕಾರಿನ ಗಿಡ್ಡ ಸ್ಪ್ರಿಂಗೊಂದನ್ನು ಹತ್ತಿರ ಎಳೆದುಕೊಂಡಳು. ನಾನು ಕೂತರೆ ಇದು ಎಷ್ಟು ಬಗ್ಗುತ್ತದೆ ಎಂದು ಕೇಳಿದಳು. ಅವಳ ತೂಕಕ್ಕೆ ಲೆಕ್ಕಕ್ಕಿಲ್ಲ ಎಂದ ಅವನು. ಹಂಪ್‌ಗಳಿಗೆ ಹೊಟ್ಟೆ ತಾಗುತ್ತದೆಯೋ? ಓರೆಯಾಗಿ ಹೊಡೆದರೆ ತಾಗುವುದಿಲ್ಲ. ಹತ್ತಿಪ್ಪತ್ತು ಖಣ ಮಾದರಿಗೆ ಒಯ್ಯಬಹುದೋ? ಅಷ್ಟಕ್ಕೇನಡ್ಡಿ ಇಲ್ಲ. ಇವಳು ಜೋರು ಹೊಡೆಯುತ್ತಾಳಲ್ಲ, ಅದಕ್ಕೆ? ಅದಕ್ಕೆ ಸ್ಪ್ರಿಂಗಿನಲ್ಲಿ ಔಷಧವಿಲ್ಲ ಎಂದ ದಸ್ತಗೀರ. ಗೌರಕ್ಕ ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕಳು. "ಇವನ್ನ ಹಾಕು," ಎಂದಳು.

ಹಾಕಿದ ಮೇಲೆ ಅವನು ಹೇಳದೆ ಕೇಳದೆ ಅವಳ ಸೀಟಿನಲ್ಲಿ ಒಂದು ಜೋಳದ ಚೀಲ ಕೂರಿಸಿ, ಅದಕ್ಕೆ ಬೆಲ್ಟು ಹಾಕಿ, ಹೆರಕಲ್ ಸೇತುವೆಯ ತನಕ ಓಡಿಸಿ ನೋಡಿದನಂತೆ. ತನ್ನ ಬದಲಿಗೆ ಜೋಳದ ಚೀಲ ಊರು ಸುತ್ತಿತು ಎಂದು ಗೌರಕ್ಕ ಸಿಟ್ಟಾದಳು. ಆ ಚೀಲ ನಮ್ಮ ಮನೆಯದೇ ಎಂದು ಗೊತ್ತಾದ ಮೇಲೆ ಇನ್ನಷ್ಟು ಸಿಟ್ಟಾದಳು.

ನಾವು ಹೊರಟದ್ದು ಒಂದು ಸೋಮವಾರ. ಗೌರಕ್ಕ ಬಾಗಿಲು ತೆಗೆದು, ಬೆನ್ನು ತಿರುಗಿಸಿ, ಕೂತು, ಕಾಲು ಒಂದೊಂದೇ ಒಳಗೆ ತಗೊಂಡಳು. ಎದುರು ಕಟ್ಟೆಯವರಿಗೆ ನೋಡಲು ಏನೂ ಸಿಗಲಿಲ್ಲ. ಶಿರೂರಿನ ಹಂಪನ್ನು ನಾನು ಓರೆಯಾಗಿ, ತುಂಬಿದ ಕೊಡ ಹೊತ್ತವಳಂತೆ ದಾಟಿಸಿದೆ. ಕಾರು ಕುಣಿಯಲಿಲ್ಲ, ಉಜ್ಜಲಿಲ್ಲ. ಕಿಟಕಿಯ ಗಾಳಿಗೆ ಗೌರಕ್ಕ ಸೆರಗನ್ನು ತಲೆ ತುಂಬ ಹೊದ್ದು, ಸೂರ್ಯಕಾಂತಿ ಹೊಲಗಳು ಈ ವರ್ಷ ತೆಳ್ಳಗಿವೆ, ಆ ಮನೆಗೆ ಹೊಸ ಬಣ್ಣ ಬಂತು, ಆ ಬೇವಿನ ಮರ ಎಲ್ಲಿ ಹೋಯಿತು ಎಂದು ಕಂಡದ್ದನ್ನೆಲ್ಲ ಹೇಳುತ್ತ ಬಂದಳು.

ಗುಳೇದಗುಡ್ಡದಲ್ಲಿ ನೇಕಾರ ಈರಣ್ಣನ ಮನೆಯ ಮುಂದೆ ನಿಲ್ಲಿಸಿದೆ. ಒಳಗಿನಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಕಾರಿನ ದನಿ ಕೇಳಿ ಅದು ನಿಂತಿತು. ಈರಣ್ಣನೂ ಅವನ ಹೆಂಡತಿಯೂ ಹೊರಗೆ ಬಂದರು, ಗೌರಕ್ಕನನ್ನು ಕಂಡು ಹಿಡಿಯಲು ಓಡಿ ಬಂದರು. ನಾನು ಅವರಿಗೆ ಬೇಡವೆಂದು ತಲೆ ಅಲ್ಲಾಡಿಸಿದೆ. ನನ್ನ ಕೈಗಳೂ ತಾವಾಗಿ ಅವಳ ಕಡೆ ಹೋದಾವು ಎಂದು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ಕೂತೆ. ಗೌರಕ್ಕ ಕಾಲು ಹೊರಗಿಟ್ಟಳು. ಕೋಲು ಊರಿದಳು. ಒಂದು ಉಸಿರು ತಗೊಂಡು ಎದ್ದು ನಿಂತಳು. ನಿಂತು ನೆರಿಗೆ ಕೊಡವಿದಳು. ಈರಣ್ಣನ ಹೆಂಡತಿ, "ಆರಾಮ ಅದೀರಿ ಅಕ್ಕಾರ?" ಎಂದು ಕೇಳಿ ಕಣ್ಣು ಒರೆಸಿಕೊಂಡಳು. ಗೌರಕ್ಕ ಅದನ್ನು ನೋಡದವಳಂತೆ, ಸೊಸೆ ಹಡೆದಳೋ ಇಲ್ಲವೋ ಎಂದು ಕೇಳುತ್ತ ಒಳಗೆ ನಡೆದಳು.

ಅಲ್ಲಿ ಅವಳು ನಾನು ಅಷ್ಟು ತಿಂಗಳು ಕಣ್ಣು ಮುಚ್ಚಿ ತಂದ ಒಂದು ಬಗೆಯ ಅಂಚನ್ನು ಬೇಡ ಎಂದಳು, ಇನ್ನೊಂದು ಬಣ್ಣವನ್ನು ಬೆಳಕಿಗೆ ಹಿಡಿದು ಇದು ಎರಡು ಒಗೆತ ತಾಳುವುದಿಲ್ಲ ಎಂದಳು. ಈರಣ್ಣ ವಾದ ಮಾಡಿದ, ಸೋತ, ಸೋತದ್ದಕ್ಕೆ ಖುಷಿಯಾದವನಂತೆ ಕಂಡ. ಗಂಟುಗಳನ್ನು ಮಧ್ಯಾಹ್ನದ ಬಸ್ಸಿಗೆ ಹಾಕಿಸುತ್ತೇನೆ ಎಂದ. ಚಹಾ ಕುಡಿದು ಹೊರಟೆವು.

ಹುನಗುಂದ ದಾಟಿ ಇಳಕಲ್ಲು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಸೀರೆ ಅಂಗಡಿಗಳ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಒಂದು ಹಾಲಿನ ಗಾಡಿಯ ಹಿಂದೆ ಹೇಗೋ ತುರುಕಿದೆ. ಹಿಂದೆ ನೋಡಿ, ಮುಂದೆ ನೋಡಿ, ಕನ್ನಡಿ ಮಡಿಚಿ, ಮಾದರಿಯ ಖಣಗಳನ್ನು ಬಗಲಿಗೆ ತಗೊಂಡು, ನನ್ನ ಕಡೆಯ ಬಾಗಿಲು ಹಾಕಿ, ಗೌರಕ್ಕನ ಬಾಗಿಲು ತೆಗೆಯಲೆಂದು ಸುತ್ತಿ ಬಂದೆ. ಸೀಟು ಖಾಲಿ ಇತ್ತು. ಎದುರಿನ ಅಂಗಡಿಯ ಒಳಗಿನಿಂದ, ಇದಲ್ಲ, ಅದರ ಕೆಳಗಿನದು ತೋರಿಸಿರಿ ಎನ್ನುವ ಅವಳ ದನಿ ಕೇಳಿಸಿತು. ನನಗಾಗಿ ಅವಳು ಕಾದೇ ಇರಲಿಲ್ಲ.